ಖಾಲಿ ಊರಿನಲ್ಲಿ ಮಲಗಿದ ಗಂಡಸು

ನುಗ್ಗೇಹಳ್ಳಿಯ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯ ಒಮ್ಮೆ ಕೆಮ್ಮಿದರೆ ಸಾಕು, ಪ್ಲೇಗು ಮಾರಿ ಗಂಟುಮೂಟೆ ಕಟ್ಟಿಕೊಂಡು ಹಾಸನ ದಾಟಿ ಓಡುತ್ತಿತ್ತು. ಹಾಗೆಂದು ಹೇಳಿದವನೂ ಅವನೇ.

ಇಲಿ ಸತ್ತು ಬಿದ್ದಾಗ ಊರು ಬಿಟ್ಟ ಜನ ಇನ್ನೂ ಹೊಲಗಳಲ್ಲಿ ಗರಿಯ ಗುಡಿಸಲು ಹಾಕಿಕೊಂಡಿದ್ದರು. ಸಾವು ನಿಂತರೂ ಸಂತೆ ಸೇರಿರಲಿಲ್ಲ. ಚನ್ನರಾಯಪಟ್ಟಣದ ಬಸ್ಸು ನಮ್ಮೂರು ಬಂದರೆ ಗಾಳಿಯನ್ನೇ ಹಿಂದೆ ಹಾಕಿ ಓಡುತ್ತಿತ್ತು. ಚನ್ನಬಸವಯ್ಯನ ಕೊಬ್ಬರಿಗೆ ಹಿಡಿದ ಬೂಷ್ಟಿನಲ್ಲಿ ದನ ಮೇಯಿಸಬಹುದಿತ್ತು. ಯಾರಾದರೂ ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಊರೊಳಗೆ ತನ್ನ ಮನೆಯಲ್ಲೇ ಮಲಗಿ, ಪ್ಲೇಗಿನ ಗಡ್ಡೆಯೇಳದೆ ಬಂದರೆ ಎಲ್ಲರೂ ಮನೆ ಸೇರುವುದೆಂದು ಹಿರಿಯರು ತೀರ್ಮಾನಿಸಿದರು. ಚನ್ನಬಸವಯ್ಯ ಚಾಪೆ ಹೊತ್ತು ಹೊರಟೇಬಿಟ್ಟ.

ಹುಣ್ಣಿಮೆ ಕಳೆದ ಬೆಳಿಗ್ಗೆ ಎದೆಯುಬ್ಬಿಸಿ ಬಂದ.

"ಇಲಿಗಳು ಸಾಲಾಗಿ ಬಂದು ಕಾಲೊತ್ತಿದ್ವು ಕಣ್ಲಾ. ಒಂದು ಎಗ್ಗಣ ಬೀಸಣಿಗೆ ಬೀಸ್ತು."

"ಎಲೆಯಡಿಕೆ ಕೊಡ್ಲಿಲ್ವಾ?" ಎಂದ ಪಕ್ಕದ ಮನೆಯ ಗಂಗಯ್ಯ.

"ಕೊಡ್ತು. ಸುಣ್ಣ ವಸಿ ಜಾಸ್ತಿಯಾಗಿತ್ತು."

ಜನ ನಕ್ಕರು. ಇಲಿಯ ಮಾತನ್ನು ಯಾರೂ ನಂಬಲಿಲ್ಲ, ಮಲಗಿದ್ದನ್ನು ಎಲ್ಲರೂ ನಂಬಿದರು. ನಗುತ್ತಲೇ ಪಾತ್ರೆಪಡಗ ಕಟ್ಟತೊಡಗಿದರು.

ಮಗಳು ಬಸವಲಿಂಗಮ್ಮ ಎಳೆಗೂಸನ್ನು ಕಂಕುಳಲ್ಲೆತ್ತಿಕೊಂಡು ಬಂದಳು. "ನಡಿಯಪ್ಪ. ನೀನು ಮನಗಿದ್ದ ಮನೆ, ಮಗೀಗೇನೂ ಭಯವಿಲ್ಲ."

ಚನ್ನಬಸವಯ್ಯ ಸುತ್ತಿದ್ದ ಚಾಪೆ ಬಿಚ್ಚಿ ಮತ್ತೆ ಸುತ್ತಿದ. "ಇವತ್ತು ದಿನ ಚೆನ್ನಾಗಿಲ್ಲ ಕಣವ್ವ."

"ಸ್ವಾಮಾರ. ಶಿವನ ವಾರಕ್ಕೇನಾಗದೆ?"

"ಒಳಗೆಲ್ಲ ಧೂಳು."

"ಗುಡಿಸ್ತೀನಿ."

ದಾರಿಯುದ್ದಕ್ಕೂ ಅವನು ಹಿಂದೆ ಹಿಂದೆಯೇ ಉಳಿದ. ಕೂಸು ಒಮ್ಮೆ ಸೀನಿದ್ದು ಅವನ ಕಿವಿಗೆ ಸಿಡಿಲಾಯಿತು. ಇವತ್ತು ಬಾಯಿಬಿಟ್ಟರೆ ಸಂತೆ ಹೋಯಿತು, ಕೊಬ್ಬರಿ ಹೋಯಿತು. ಬಿಡದಿದ್ದರೆ?

ಬಸವಲಿಂಗಮ್ಮ ಅಪ್ಪನಿಂದ ಬೀಗದ ಕೈ ಇಸಕೊಂಡು ಬೀಗಕ್ಕೆ ತುರುಕಿದಳು. ಹೋಗಲಿಲ್ಲ. ಜೊತೆಗೇ ಬಂದಿದ್ದ ಗಂಗಯ್ಯ ಬಗ್ಗಿ ನೋಡಿದ.

"ಕುಂಬಾರ ಹುಳ ಬೀಗದ ತೂತಲ್ಲೇ ಗೂಡು ಕಟ್ಟದೆ. ಮಣ್ಣು ಒಣಗಿ ಕಲ್ಲಾಗದೆ. ಅಣ್ಣಯ್ಯ, ದಿನಾ ಒಳಕ್ಕೆ ಎಂಗೋಗ್ತಿದ್ದೆ?"

"ಹಿತ್ಲು ಗ್ವಾಡೆ ಹಾರಿ..."

ಗಂಗಯ್ಯ ಅವನ ಹೊಟ್ಟೆಯನ್ನೂ ಗೋಡೆಯನ್ನೂ ನೋಡಿದ. ಬಸವಲಿಂಗಮ್ಮ ಮಾತ್ರ ಕಡ್ಡಿಯಿಂದ ಮಣ್ಣು ಕೆರೆದಳು. ಮಣ್ಣು ಉದುರಿತು, ಬೀಗ ಕಳಚಿತು. ಕೂಸು ಬಾಗಿಲ ಮೇಲೆ ಅಂಗೈ ಇಟ್ಟಿತು.

ಚನ್ನಬಸವಯ್ಯ ಮಗಳ ಕೈ ಹಿಡಿದುಕೊಂಡ.

"ಬ್ಯಾಡ ಕಣವ್ವ. ನಾನು ಒಂದಿನಾನೂ ಇಲ್ಲಿ ಮನಗ್ಲಿಲ್ಲ. ಕೆರೆ ಏರಿ ಮ್ಯಾಲಿನ ಮಂಟಪದಾಗೆ ಬಿದ್ದಿದ್ದೆ. ಊರ ಬಾಗ್ಲು ದಾಟೋಕೇ ಕಾಲು ಬರ್ಲಿಲ್ಲ. ಒಳಗೇನದೋ ನಂಗೂ ಗೊತ್ತಿಲ್ಲ."