ಮೇಷ್ಟ್ರ ವಿಳಾಸದಿಂದ

ಅಪ್ಪನ ಗುಂಪಿಗೆ ಕಳಿಸಿದ ಮೇಲ್ ಮತ್ತೊಮ್ಮೆ ವಾಪಸ್ ಬಂದಾಗ ಮಗಳು ಫೋನನ್ನು ಮಂಚದ ಮೇಲೆ ಎಸೆದಳು. ಹೊರಕೋಣೆಯಲ್ಲಿ ಅಪ್ಪನನ್ನು ಮಲಗಿಸಿ, ನೊಣ ಕೂರದಿರಲೆಂದು ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು.

"ಮೂರಕ್ಕೆ ಗಾಡಿ ಬರತ್ತೆ," ಎಂದಳು ಸೋದರತ್ತೆ. "ಇನ್ನೂ ಯಾರಿಗೆ ಕಾಯ್ತೀಯ?"

"ಅಪ್ಪನ ರೇಡಿಯೊ ಗುಂಪಿನೋರಿಗೆ, ಅತ್ತೆ. ಒಬ್ಬರಾದ್ರೂ ಬರ್ಲಿ."

"ಅಯ್ಯೋ, ಅವರೆಲ್ಲ ಗಾಳೀಲಿರೋರು ಕಣೇ! ಮುಖ ಕಂಡೋರುಂಟಾ?"

ನಿಜವೇ. ಹಳೇ ರೇಡಿಯೊ ರಿಪೇರಿಯವರ ಗುಂಪು ಅದು. ಒಬ್ಬರು ಬರೆದ ಮೇಲ್ ಎಲ್ಲರಿಗೂ ಹೋಗುತ್ತಿತ್ತು. ನಡೆಸುತ್ತಿದ್ದವರು ಅಪ್ಪ. ಅಲ್ಲಿ ಅವರು ಎಲ್ಲರಿಗೂ 'ಮೇಷ್ಟ್ರು'. ಇಲ್ಲಿ ಕೂತ ನೆಂಟರಿಗೋ, ಯಾವಾಗಲೂ ಸುಟ್ಟ ತಂತಿಯ ವಾಸನೆ ಹೊಡೆಯುವ ಮನುಷ್ಯ, ಅಷ್ಟೇ. ಬಲ್ಲವರು ಒಬ್ಬರೂ ಇಲ್ಲದೆ ಅಪ್ಪನನ್ನು ಕಳಿಸಿಕೊಡಲು ಮಗಳಿಗೆ ಮನಸ್ಸೊಪ್ಪಲಿಲ್ಲ.

* * *

ಅಪ್ಪನ ಕಿವಿಗೆ ಸದಾ ಫೋನ್ ಅಂಟಿರುತ್ತಿತ್ತು. "ಮೇಲ್ ವಿಳಾಸ ಬದಲಾಯ್ಸಿದ್ರಾ? ಅದಕ್ಕೇ ವಾಪಸ್ ಬಂದಿರೋದು. ಗುಂಪಿಗೆ ಹೊಸ ವಿಳಾಸದ ಗುರ್ತಿಲ್ಲ. ಹಳೇದ್ರಿಂದ ಕಳ್ಸಿ ನೋಡಿ." ಎದುರಿಗೆ ಊಟ ಆರುತ್ತಿತ್ತು.

"ಊರ ಉಸಾಬರಿಯೆಲ್ಲ ನಿಮಗ್ಯಾಕಪ್ಪಾ?" ಎಂದು ಅವಳೊಮ್ಮೆ ರೇಗಿದ್ದಳು.

"ಬರೆದದ್ದು ವಾಪಸ್ ಬಂದ್ರೆ, ನೀನು ಬೇಡ ಹೋಗು ಅಂದಂಗಾಗತ್ತೆ ಕಣೇ. ಹಂಗಲ್ಲಪ್ಪಾ ಅಂತ ಯಾರಾದ್ರೂ ಹೇಳ್ಬೇಕಲ್ಲ."

* * *

ಗುರ್ತಿಲ್ಲ! ತಾನು ಕಳಿಸಿದ್ದು ತನ್ನ ವಿಳಾಸದಿಂದ. ಮಗಳು ದಡಕ್ಕನೆ ಎದ್ದು ಅಪ್ಪನ ಕಂಪ್ಯೂಟರ್ ತೆರೆದಳು. ಅವರ ವಿಳಾಸದಿಂದಲೇ, ಮಂಜಾದ ಕಣ್ಣಲ್ಲಿ ಬರೆದಳು: 'ಅಪ್ಪ ಹೋಗಿಬಿಟ್ಟರು. ಮೂರು ಗಂಟೆಗೆ ಒಯ್ಯುತ್ತೇವೆ. ದಯವಿಟ್ಟು ಬನ್ನಿ.' ಕೆಳಗೆ ಮನೆಯ ವಿಳಾಸ. ಈ ಸಲ ಅದು ವಾಪಸ್ ಬರಲಿಲ್ಲ.

ಗಾಡಿ ಬಂತು. "ಇನ್ನೊಂಚೂರು ತಡೀರಿ ಅಣ್ಣಾ," ಎಂದು ಡ್ರೈವರನ ಮುಂದೆ ಅಂಗಲಾಚಿದಳು. ಅವನು ಎರಡು ಸಲ ತಡೆದ. ಮೂರನೇ ಸಲ ಅತ್ತೆಯೇ, "ಸಾಕು ಮಗಾ, ಎತ್ತೋಣ," ಎಂದಳು.

ಆಗ ಏದುಸಿರು ಬಿಡುತ್ತಾ ಮುದುಕರೊಬ್ಬರು ಒಳಗೆ ಬಂದರು. ಅವರ ಬೆರಳ ತುದಿಗಳಲ್ಲೂ ಅಪ್ಪನ ಬೆರಳಲ್ಲಿದ್ದಂಥದೇ ಸುಟ್ಟ ಕಲೆಗಳು. ಮಗಳಿಗೆ ಅಳು ಒತ್ತರಿಸಿ ಬಂತು.

ಮುದುಕರು ದೇಹಕ್ಕೆ ಕೈಮುಗಿದರು. "ಪಾಪ, ಹಿರಿಯರು. ತುಂಬು ಬಾಳು ಬಾಳಿದ್ರೇನೋ. ಮೇಷ್ಟ್ರೆಲ್ಲಮ್ಮಾ? ಅಪ್ಪ ಹೋದ್ರೆ ಯಾವ ವಯಸ್ಸಲ್ಲೂ ತಬ್ಬಲೀನೇ. ನನ್ನ ಮೇಲ್ ವಾಪಸ್ ಬಂದಾಗೆಲ್ಲ ಮೇಷ್ಟ್ರೇ ಧೈರ್ಯ ಹೇಳ್ತಿದ್ರು. ಇವತ್ತು ನಾನೊಂದು ಮಾತು ಹೇಳಿ ಹೋಗ್ತೀನಿ."

ಮಗಳಿಗೆ ಆಗ ಹೊಳೆಯಿತು. ಮೇಲ್ ಹೋದದ್ದು ಅಪ್ಪನ ಹೆಸರಲ್ಲಿ; ಓದಿದವರಿಗೆ ಸತ್ತದ್ದು ಮೇಷ್ಟ್ರ ಅಪ್ಪ. ಕೆಳಗೆ ತನ್ನ ಹೆಸರು ಹಾಕುವುದನ್ನೇ ಅವಳು ಮರೆತಿದ್ದಳು.

"ಮುಖ ನೋಡೋದು ಇದೇ ಮೊದಲು," ಎನ್ನುತ್ತಾ ಮುದುಕರು ಒಳಕೋಣೆಯತ್ತ ಕತ್ತು ಚಾಚಿ ಕರೆದರು. "ಮೇಷ್ಟ್ರೇ..."

ಮಗಳು ಮಂಡಿಯೂರಿ, ಮುಖದ ಮೇಲಿನ ಬಟ್ಟೆ ಸರಿಸಿದಳು.