ಒಳಗಿನದು ಕಾಣುವ ಡಬ್ಬಿ

ಬೇಯುತ್ತಿರುವ ರೇಷ್ಮೆಗೂಡಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಬದ್ರುನ್ನೀಸಾ ಚಾಚಿಯ ವಾಸನೆ. ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಅವರು ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಏಳು ವರ್ಷದವಳಿದ್ದಾಗ ಅವರ ಬಿಸಿನೀರಿನ ಪಾತ್ರೆಯಲ್ಲಿ ಬೆರಳು ಅದ್ದಿಬಿಟ್ಟೆ. ಚಾಚಿ ಬೈಯಲಿಲ್ಲ. ಬೆರಳನ್ನು ತಣ್ಣೀರಿನಲ್ಲಿ ಹಿಡಿದು, ಗೂಡಿನ ಮೇಲಿನ ಒರಟು ನಾರನ್ನು ಒಂದು ಚಿಟಿಕೆ ಎಳೆದು ಸುತ್ತಿ, ಊದಿ ಕಳಿಸಿದರು. ಉರಿ ಹೋಯಿತು.

ಈಗ ನನಗೆ ಎಪ್ಪತ್ತೆರಡು. ಕಾಲೇಜಿನಲ್ಲಿ ಪಾಠ ಹೇಳಿದವಳೆಂದು, ಕೆಂಗಲ್ ದಾಟಿ ಒಂದಿಷ್ಟು ದೂರದಲ್ಲಿರುವ ನೂಲು ಬಿಚ್ಚುವ ಕಾರ್ಖಾನೆಯವರು ಹೆಂಗಸರ ದೂರು ಕೇಳುವ ಸಮಿತಿಗೆ ನನ್ನನ್ನು ಸೇರಿಸಿಕೊಂಡಿದ್ದರು. ಮೂರು ವರ್ಷದ ಹಿಂದೆ ಬಂದ ಮೊದಲ ದೂರು, ಸಂಜೆ ಗೇಟಿನಲ್ಲಿ ಮೈ ತಡವಿ ನೋಡುತ್ತಾರೆ ಎಂಬುದು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಾರೂ ಹೆಂಗಸರನ್ನು ಮುಟ್ಟಕೂಡದು. ಕಳವಿನ ಭಯವಿದ್ದರೆ ಕ್ಯಾಮೆರಾ ಹಾಕಿ, ಊಟದ ಡಬ್ಬಿಗಳನ್ನು ಒಳಗಿನದು ಕಾಣುವಂಥವು ಕೊಡಿ ಎಂದು ನಾನೇ ಬರೆದುಕೊಟ್ಟೆ.

ಮ್ಯಾನೇಜರ್ ಅಶ್ವಥ್ ಒಂದೇ ತಿಂಗಳಲ್ಲಿ ಎಲ್ಲ ಮಾಡಿಸಿದರು. ಗೂಡು ಬೇಯುವ ಪ್ರತಿ ಬೇಸಿನ್ ಮೇಲೆ ಒಂದು ಕ್ಯಾಮೆರಾ ಬಂತು, ಜೇಬಿಲ್ಲದ ಏಪ್ರನ್ ಬಂತು, ಗಾಜಿನಂತಹ ಪ್ಲಾಸ್ಟಿಕ್ ಡಬ್ಬಿ ಬಂತು. ಹೆಂಗಸರು ನನಗೆ ಕೈಮುಗಿದರು.

"ಮಾಯಕ್ಕನ ಉಪ್ಸಾರು ಈಗ ಗೇಟ್ ಬಾಲರಾಜಂಗೂ ಬಾಯಿಪಾಠ," ಎಂದು ನಿಖಾತ್ ನಗಾಡಿದ್ದಳು. ಇಪ್ಪತ್ತೆರಡರ ಹುಡುಗಿ, ಹಳೆಯ ಕೆಲಸಗಾರ್ತಿ ಮಾಯಮ್ಮನ ಪಕ್ಕದ ಬೇಸಿನ್‌ನವಳು.

"ನೋಡ್ಕಳ್ಳಿ ಬುಡು. ನೋಡುದ್ರೆ ಖಾಲಿ ಆಗ್ಬುಟ್ಟದಾ?" ಎಂದಿದ್ದಳು ಮಾಯಮ್ಮ.

ಆದರೆ ಸಾರಿಲ್ಲದ ದಿನ ಅವಳು ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು ಬರುತ್ತಿದ್ದಳು. ಡಬ್ಬಿ ಮುಚ್ಚಿಕೊಳ್ಳುವುದು ನಿಯಮಕ್ಕೆ ವಿರುದ್ಧ. ಗೇಟು ಕಾಯುವ ಬಾಲರಾಜು ಆಗ ರಸ್ತೆಯ ಕಡೆ ನೋಡುತ್ತಾ ನಿಲ್ಲುತ್ತಿದ್ದ.

ಕಳೆದ ಗುರುವಾರ ನನಗೆ ಕರೆ ಬಂತು. ಹಿಂದಿನ ಸಂಜೆ ಮನೆಗೆ ಹೊರಟ ನಿಖಾತ್, ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಲು ಅದಕ್ಕೆ ಸುತ್ತಿದ್ದನ್ನು ಬಿಚ್ಚಿದ್ದಾಳೆ. ಅದು ರೇಷ್ಮೆ ನಾರು; ಅದರ ಒಂದು ಎಳೆಯೂ ಗೇಟು ದಾಟಕೂಡದು. ಬಾಲರಾಜು ರಜೆಯಲ್ಲಿದ್ದ. ಅವನ ಬದಲಿಗೆ ಬಂದವನು ಕಳವು ಎಂದು ಬರೆದಿದ್ದ.

"ನಾ ಕದ್ದಿಲ್ಲ ಮೇಡಂ," ಎಂದಳು ನಿಖಾತ್, ನಾನು ಕಾರ್ಖಾನೆಗೆ ಹೋದಾಗ. ಮತ್ತೆ ಎಲ್ಲಿಂದ ಬಂತು ಎಂದರೆ ಬಾಯಿ ಬಿಡಲೊಲ್ಲಳು.

"ಕ್ಯಾಮೆರಾ ಇದೆಯಲ್ಲ. ನೋಡಿದರೆ ಗೊತ್ತಾಗುತ್ತೆ," ಎಂದೆ.

"ಬ್ಯಾಡ ಮೇಡಂ."

ಹೆದರಿದ್ದಾಳೆ ಎಂದುಕೊಂಡೆ. ತಪ್ಪು ಮಾಡದವರು ಹೆದರಬಾರದು ಎಂದು ಅವಳ ಬೆನ್ನು ಸವರಿದೆ.

ಮ್ಯಾನೇಜರ್ ಕೋಣೆಯ ಪರದೆಯ ಮೇಲೆ ನಿಖಾತ್ ಬಿಸಿನೀರಿನಿಂದ ಕೈ ಎಳೆದುಕೊಂಡಳು. ಪಕ್ಕದ ಬೇಸಿನ್‌ನಿಂದ ಮಾಯಮ್ಮ ಬಂದಳು. ಗೂಡಿನ ಮೇಲಿನ ನಾರನ್ನು ಒಂದು ಚಿಟಿಕೆ ಎಳೆದು, ಆ ಹೆಬ್ಬೆರಳಿಗೆ ಸುತ್ತತೊಡಗಿದಳು. ಅವಸರವಿಲ್ಲದೆ ಸುತ್ತಿದಳು. ಕೊನೆಗೆ ಬಗ್ಗಿ ಊದಿದಳು. ನನ್ನ ಬೆರಳು ನನ್ನ ಅಂಗೈಯೊಳಗೆ ಮಡಚಿಕೊಂಡಿತು.

"ಸರಿ ಮೇಡಂ. ನಿಖಾತ್ ತಗೊಂಡಿಲ್ಲ. ಅವಳನ್ನ ಬುಟ್ಬುಡಣ," ಎಂದರು ಅಶ್ವಥ್. "ತೆಗ್ದಿರೋದು ಮಾಯಮ್ಮ."

"ಇದು ಕಳವಲ್ಲ ಅಶ್ವಥ್. ಸುಟ್ಟ ಬೆರಳಿಗೆ ಸುತ್ತೋದು ಮೊದಲಿನಿಂದಲೂ ಇದೆ."

"ಗೊತ್ತು. ನಮ್ಮವ್ವನೂ ಸುತ್ತೋಳು." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕಣ್ಣಲ್ಲಿ ಕಂಡಿದ್ರೆ ಕಾಣ್ದಂಗೆ ಇರ್ಬೋದಿತ್ತು. ರೆಕಾರ್ಡ್ ಆಗೋಗೈತೆ. ಇದನ್ನ ಬುಟ್ರೆ ನಾಳೆ ನನ್ನ ಕೇಳ್ತಾರೆ. ಕ್ಯಾಮೆರಾ ಹಾಕ್ಸಿ ಅಂದೋರೂ ನೀವೇ."

ಚುಚ್ಚಲೆಂದು ಆಡಿದ ಮಾತಲ್ಲ ಅದು.

ಮಾಯಮ್ಮನನ್ನು ಕೆಲಸದಿಂದ ತೆಗೆದರು; ಅವಳ ಫೋಟೋ ಕಾರ್ಖಾನೆ ಮಾಲೀಕರ ವಾಟ್ಸಾಪ್ ಗುಂಪಿಗೆ ಹೋಯಿತು. ಅದರಲ್ಲಿ ಬಂದ ಮುಖವನ್ನು ರಾಮನಗರದಿಂದ ಕನಕಪುರದವರೆಗೆ ಯಾವ ಕಾರ್ಖಾನೆಯವರೂ ಒಳಗೆ ಬಿಡುವುದಿಲ್ಲ. ಇಪ್ಪತ್ತೊಂದು ವರ್ಷದಿಂದ ಅವಳು ಮಾಡಿಕೊಂಡು ಬಂದಿರುವುದು ನೂಲು ಬಿಚ್ಚುವ ಕೆಲಸವೊಂದೇ. ನಾನು ಎರಡು ಪುಟ ಆಕ್ಷೇಪಣೆ ಬರೆದೆ. ಗುಮಾಸ್ತೆ ಅದನ್ನು ಗೌರವದಿಂದಲೇ ತೆಗೆದುಕೊಂಡು ಕಡತಕ್ಕೆ ಸೇರಿಸಿದಳು.

ಹೊರಗೆ ಬಂದಾಗ ಮೂರು ಗಂಟೆ. ಗೇಟಿನಾಚೆ ಮೋರಿಯ ಕಟ್ಟೆಯ ಮೇಲೆ ಮಾಯಮ್ಮ ಬಸ್ಸಿಗೆ ಕಾಯುತ್ತಿದ್ದಳು. ಕೆಲಸಕ್ಕೆ ಮರಳಿದ್ದ ಬಾಲರಾಜು ತನ್ನ ಕುರ್ಚಿಯನ್ನು ಅವಳ ಕಡೆಗೆ ನೆರಳಿನಲ್ಲಿ ಸರಿಸಿ ಇಟ್ಟಿದ್ದ. ಅವಳು ಅದರಲ್ಲಿ ಕೂತಿರಲಿಲ್ಲ. ಅದನ್ನು ನನಗೆ ತೋರಿಸಿದಳು. ನಾನು ಕೂತೆ.

"ನನ್ನಿಂದಾಯ್ತು ಮಾಯಮ್ಮ," ಎಂದೆ.

ಅವಳು ಇಲ್ಲ ಎನ್ನಲಿಲ್ಲ. "ಆ ಮಗೀನ ಕೆಲ್ಸ ಉಳೀತಲ್ಲ," ಎಂದಳು. ಆಮೇಲೆ, "ನಾನಿನ್ನೆಲ್ಲಿಗೆ ಓಗ್ಲಿ ಮೇಡಮ್ಮೋರೇ? ನನ್ ಮಕ ಎಲ್ಲಾರ್ ಫೋನಲ್ಲೂ ಐತಂತಲ್ಲ."

ಬೆಳಿಗ್ಗೆಯಿಂದ ತಿಂದಿರಲಿಲ್ಲ, ಸಕ್ಕರೆ ಕಾಯಿಲೆಯ ಮೈ. ಚೀಲದಲ್ಲಿ ಮಿಠಾಯಿಗೆ ಕೈಯಾಡಿಸಿದೆ, ಸಿಗಲಿಲ್ಲ. ಮಾಯಮ್ಮ ಆ ಕೈಯನ್ನೇ ನೋಡಿದಳು.

ಸೆರಗಿನಡಿಯಿಂದ ಡಬ್ಬಿ ತೆಗೆದಳು. ಒಂದೇ ಮುದ್ದೆ, ಸಾರಿಲ್ಲ, ಹೊರಗಿನಿಂದಲೇ ಕಾಣುತ್ತಿತ್ತು. ಮುಚ್ಚಳ ಬಿಚ್ಚಿ ಅದನ್ನು ನನ್ನ ಮಡಿಲಲ್ಲಿಟ್ಟಳು.