ತಗಡಿನ ಕಾಲು

ನಮ್ಮ ಅತ್ತೆ ಒದಿಲಿಯಾ ಇಡೀ ಓಣಿಗೆ ಬುದ್ಧಿ ಹೇಳುವ ಹೆಂಗಸು. ಯಾರ ಮಗಳು ಯಾರ ಬೈಕಿನಲ್ಲಿ ಬಂದಳು, ಯಾರು ಉಪವಾಸದ ಶುಕ್ರವಾರ ಮಾಂಸ ತಿಂದರು, ಎಲ್ಲದಕ್ಕೂ ಅವರ ತೀರ್ಪು ಆಗಲೇಬೇಕು. ಜನ ಕೇಳುತ್ತಲೂ ಇದ್ದರು, ಯಾಕೆಂದರೆ ಎಲ್ಲರ ಮನೆಯ ಸತ್ತವರಿಗೂ ಗೂಡು ಮಾಡಿಕೊಟ್ಟವರು ಅವರೇ. ಮೀನಿನ ಖಾಲಿ ಡಬ್ಬಿಯ ಅಂಚು ಮಡಚಿ, ಒಳಗೆ ತೀರಿಕೊಂಡವರ ಫೋಟೊ, ಅವರ ಅಂಗಿಯದೇ ಗುಂಡಿ, ಒಂದು ಚೂರು ಲೇಸು, ಕಡ್ಡಿಪೆಟ್ಟಿಗೆಯ ಮೆಟ್ಟಿಲು, ಸೋಡಾ ಮುಚ್ಚಳದ ಸೂರ್ಯ ಇಟ್ಟರೆ ಅಂಗೈಯಗಲದ ಗುಡಿ. ಕತ್ತರಿಸುವುದು ಅತ್ತೆ, ಅಂಟಿಸುವುದು ಸೊಸೆಯಾದ ನಾನು. ಅಂಟು ಚೆಲ್ಲಿದರೆ ಬೈಸಿಕೊಳ್ಳುವುದೂ ನಾನೇ.

ಸತ್ತವರ ಹಬ್ಬ ಹತ್ತಿರ ಬಂದಾಗ ಮೆಕ್ಸಿಕೊ ನಗರದಿಂದ ಪ್ರವಾಸಿಗಳು ಬಂದು ಸಂತೆಯಲ್ಲಿ ಈ ಗೂಡುಗಳನ್ನು ಕೊಳ್ಳುತ್ತಾರೆ. ಅವರಿಗೆ ಗುಂಡಿ, ಲೇಸು ಸಾಲದು, ಮಿರುಗಬೇಕು. ಆ ಮಿರುಗನ್ನು ತಂದುಕೊಟ್ಟವರು ಅತ್ತೆಯ ತಮ್ಮ ಚೆಂಚೊ ಮಾವ. ಅವರು ಸಂತ ರೋಕೆಯ ಇಗರ್ಜಿಯಲ್ಲಿ ದೀಪ ಹಚ್ಚಿ ಗಂಟೆ ಹೊಡೆಯುವವರು. ಸಂತನ ವಸ್ತ್ರದ ತುಂಬ ಜನ ಹರಕೆಯ ತಗಡು ಚುಚ್ಚಿರುತ್ತಾರೆ. ಕಾಲುನೋವಿಗೆ ಕಾಲು, ಕಣ್ಣುನೋವಿಗೆ ಕಣ್ಣು, ಹಸು ತಪ್ಪಿಸಿಕೊಂಡರೆ ಹಸು. ಭಾರಕ್ಕೆ ವಸ್ತ್ರ ಹರಿಯುವಂತಾದಾಗ ಹಳೆಯವನ್ನು ಬಿಡಿಸಿ, ಕರಗಿಸಿ, ಸಂತನಿಗೇ ದೀಪ ಮಾಡಿಸಬೇಕು. ಮಾವ ಅವನ್ನು ಜಾಮ್ ಸೀಸೆಗೆ ತುಂಬಿ ನಮ್ಮ ಮನೆಗೆ ತಂದರು.

"ಸಂತಂಗೆ ಹೊರೆ ಜಾಸ್ತಿ ಆಗಿತ್ತು ಅಕ್ಕಾ, ಇಳಿಸಿದೀನಿ."

"ಇಳಿಸೋಕೆ ನೀನೇನು ಹಮಾಲೀನೇನೋ?" ಎಂದು ಅತ್ತೆ ಗದರಿದರು. ಸೀಸೆಯನ್ನು ಮಾತ್ರ ವಾಪಸು ಕೊಡಲಿಲ್ಲ.

ಎದುರು ಮನೆಯ ಮಕಾರಿಯಾ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ಬೇಯಿಸಿ ಮಾರುವವಳು. ಅವಳ ಮಗಳು ಚಬೇಲಾಳ ಕಾಲಿನ ಮೂಳೆಯಲ್ಲಿ ಎರಡು ವರ್ಷದ ಹಿಂದೆ ಕೀವು ತುಂಬಿತ್ತು. ತಾಯಿ ಹರಕೆ ಕಟ್ಟಿಕೊಂಡಳು, ಹುಡುಗಿ ಎದ್ದು ಓಡಾಡಿದಳು. ಈ ಬೇಸಿಗೆಯಿಂದ ಮತ್ತೆ ಕೋಲು ಹಿಡಿದಿದ್ದಾಳೆ. ಆ ಮಕಾರಿಯಾ ಸಂತೆಯಲ್ಲಿ ನಮ್ಮ ಅಂಗಡಿಯ ಮುಂದೆ ನಿಂತು, ಒಂದು ಗೂಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕಾ, ಈ ತಗಡಿನ ಕಾಲು ನಮ್ ಚಬೇಲಾದು ಇದ್ದಂಗಿದೆ. ಸಂತನ ಮೈಮೇಲೆ ಹುಡುಕಿದೆ, ಅಲ್ಲಿಲ್ಲ. ಹಿಂದ್ಗಡೆ ಸೂಜೀಲಿ ಹೂವು ಗೀಚಿದ್ದೆ. ಒಂದ್ಸಲ ತೆಗೆದು ತೋರಿಸ್ತೀರಾ?"

"ಅಂಟಿಸಿರೋದನ್ನ ಹೆಂಗೆ ತೆಗೀಲಿ? ಎಲ್ಲಾ ಒಂದೇ ಅಚ್ಚಿನ ಕಾಲು ಕಣೇ. ಅಂಗಡೀಲಿ ದುಡ್ಡು ಕೊಟ್ಟು ತಂದಿದ್ದು." ಅತ್ತೆಯ ದನಿ ಏರಿತು. "ಏನು, ನನ್ನನ್ನ ಕಳ್ಳಿ ಅಂತಿದೀಯಾ?"

ಸುತ್ತಲಿನವರು ತಿರುಗಿ ನೋಡಿದರು. ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ತ್ರಿನಿ, ನಮ್ಮ ಓಣಿಯವಳೇ, ಉಪ್ಪು ಖಾರ ಹಚ್ಚದೆ ಬಿಡುವವಳಲ್ಲ. "ಸಂತನ ಕಾಲು ಕದಿಯೋಕೆ ಒದಿಲಿಯಕ್ಕಂಗೇನು ಸ್ವಂತ ಕಾಲಿಲ್ವೇನೇ, ಮಕಾರಿಯಾ?" ಅಂದಳು. ಎಲ್ಲರೂ ನಕ್ಕರು. ಮಕಾರಿಯಾಳ ಮುಖ ಸಣ್ಣದಾಯಿತು. "ತಪ್ಪಾಯ್ತಕ್ಕಾ," ಎಂದು ಗೂಡನ್ನು ಇದ್ದಲ್ಲೇ ಇಟ್ಟು ಹೋದಳು. ಆ ಕಾಲನ್ನು ಅಂಟಿಸಿದ ಕೈ ನನ್ನದು. ನಾನು ಆ ಗೂಡನ್ನು ಸಾಲಿನಲ್ಲಿ ನೆಟ್ಟಗೆ ಇಟ್ಟೆ.

ಸಂಜೆ ಮನೆಯಲ್ಲಿ ಅತ್ತೆ ಚಾಕುವಿನ ತುದಿಯಿಂದ ಕಾಲನ್ನು ಎಬ್ಬಿಸಿದರು. ಹಿಂದುಗಡೆ ನಾಲ್ಕೆಸಳಿನ ಹೂವು, ಒಂದು ಎಸಳು ದೊಡ್ಡದಾಗಿ ಹೋಗಿದೆ. "ಸೀಸೆಗೆ ಹಾಕು" ಅಂದರು, ನನ್ನ ಮುಖ ನೋಡದೆ.

ಮಾರನೆಯ ಬೆಳಿಗ್ಗೆ ಮಕಾರಿಯಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಟ್ಟೆ ತುಂಬ ಬಿಸಿ ತಮಾಲೆ.

"ನಿಮ್ಮಂಥೋರ ಮೇಲೆ ಅನುಮಾನ ಪಟ್ನಲ್ಲಾ ಅಕ್ಕಾ, ನಿದ್ದೆ ಬರ್ಲಿಲ್ಲ. ಪಾದ್ರಿ ಹತ್ರ ಹೋಗಿ ಪಾಪ ಒಪ್ಕೊಂಡು ಬಂದೆ. ಮೊದ್ಲು ಅವರನ್ನೇ ಕ್ಷಮೆ ಕೇಳು ಅಂದ್ರು. ಹೊಟ್ಟೇಲಿ ಹಾಕ್ಕೊಳ್ಳಿ."

ಅತ್ತೆ ತಟ್ಟೆ ತೆಗೆದುಕೊಂಡರು. "ಹೋಗ್ಲಿ ಬಿಡು" ಎಂದು ಅವರ ಬಾಯಿಂದ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ತಮಾಲೆಯನ್ನು ನಾವಿಬ್ಬರೂ ಮುಟ್ಟಲಿಲ್ಲ. ಏನೂ ಗೊತ್ತಿಲ್ಲದ ನನ್ನ ಗಂಡ ಎಲ್ಲವನ್ನೂ ತಿಂದು, "ಇವತ್ತು ಮಕಾರಿಯಾ ಕೈರುಚಿ ಚೆನ್ನಾಗಿದೆ" ಅಂದ.

ನಮ್ಮ ಓಣಿಯಲ್ಲಿ ಬಂದ ತಟ್ಟೆಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ಏನಿಲ್ಲವೆಂದರೂ ಎರಡು ನಿಂಬೆಹಣ್ಣು ಇಟ್ಟು ಕೊಡಬೇಕು. ಒಯ್ದು ಕೊಡುವುದು ಯಾವಾಗಲೂ ಸೊಸೆಯ ಕೆಲಸ.

"ಸಿಹಿ ಬ್ರೆಡ್ ಇಡಲಾ ಅತ್ತೆ?" ಎಂದು ಕೇಳಿದೆ.

ಅತ್ತೆ ತಟ್ಟೆಯನ್ನು ತಾವೇ ತೊಳೆದು ಒರೆಸಿದರು. ಸೀಸೆ ತೆರೆದು ಆ ಕಾಲನ್ನು ತಟ್ಟೆಯ ನಡುವೆ ಇಟ್ಟು, ಮೇಲೆ ಬಟ್ಟೆ ಮುಚ್ಚಿದರು. ನಾನು ಕೈ ಚಾಚಿದೆ.

"ನೀನು ಬೇಡ. ನಾನೇ ಹೋಗ್ತೀನಿ."

ಮಧ್ಯಾಹ್ನದ ಹೊತ್ತು, ಓಣಿಯವರೆಲ್ಲ ಹೊಸ್ತಿಲ ಮೇಲೆ ಕೂತಿದ್ದರು. ನಾನು ಅತ್ತೆಯ ಹಿಂದೆ ಹೋದೆ. ಬಾಗಿಲಲ್ಲಿದ್ದ ಚಬೇಲಾ ಕೋಲನ್ನು ಗೋಡೆಗೆ ಒರಗಿಸಿ, ತಿನ್ನುವುದಿದೆಯೆಂದು ಆಸೆಯಿಂದ ಬಟ್ಟೆ ಎತ್ತಿದಳು. ತಗಡನ್ನು ತಿರುಗಿಸಿ ನೋಡಿದಳು.

"ಅಮ್ಮಾ, ನನ್ ಕಾಲು!"

ಮಕಾರಿಯಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನಿನ್ನೆ ನಾನು ಸುಳ್ಳು ಹೇಳಿದೆ," ಅಂದರು ಅತ್ತೆ. ಅಷ್ಟು ಸಣ್ಣ ದನಿ ಅವರಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ. "ನನ್ನ ತಮ್ಮ ಕಿತ್ತು ತಂದ, ನಾನು ಮಾರೋಕಿಟ್ಟೆ. ನೀನು ಕ್ಷಮೆ ಕೇಳೋಕೆ ಬಂದಾಗ್ಲೂ ನಂಗೆ ಗೊತ್ತಿತ್ತು."

ಮಕಾರಿಯಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಾನು ಪಾದ್ರಿ ಹತ್ರ ಹೋಗಿದ್ನಲ್ಲಾ, ಅಕ್ಕಾ" ಎಂದಷ್ಟೇ ಹೇಳಿದಳು. ಕಾಲನ್ನು ಉಡಿಯಲ್ಲಿ ಒರೆಸಿ ಮಗಳ ಅಂಗೈಗೆ ಕೊಟ್ಟಳು. ತನ್ನದೇ ತಟ್ಟೆಯನ್ನು ಅತ್ತೆಯ ಕೈಗೆ ಹಿಂದಿರುಗಿಸಿದಳು. "ಇದು ನಿಮ್ಮನೇಲೇ ಇರ್ಲಿ. ಇನ್ನು ಹೋಗೋದು ಬರೋದು ಬೇಡ." ಬಾಗಿಲು ಮುಚ್ಚಿತು.

ಖಾಲಿ ತಟ್ಟೆ ಹಿಡಿದು ಅತ್ತೆ ಓಣಿಯ ನಡುವೆ ನಿಂತರು. ಶಾಲಿನೊಳಗೆ ಮುಚ್ಚಿಕೊಳ್ಳಬಹುದಿತ್ತು, ಮುಚ್ಚಲಿಲ್ಲ. ಹೊಸ್ತಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ತ್ರಿನಿ ಕೂಗಿದಳು.

"ಇದೇನು ಒದಿಲಿಯಕ್ಕಾ, ಖಾಲಿ ತಟ್ಟೆ ಕೊಟ್ಟು ಕಳಿಸಿದ್ಲಾ? ಮಾನ ಮರ್ಯಾದೆ ಗೊತ್ತಿಲ್ಲ ಆ ಮಕಾರಿಯಾಗೆ!"

ಅತ್ತೆ ಅವಳತ್ತ ತಿರುಗಿದರು.

"ಅವಳಿಗೆ ಗೊತ್ತು ಕಣೇ, ಗೊತ್ತಿಲ್ದೇ ಇದ್ದಿದ್ದು ನಂಗೆ. ಏಳು, ಮನೆಗೆ ಬಾ. ನಿನ್ ಗಂಡನ ಹರಕೆ ಕಣ್ಣೂ ನಮ್ಮನೇಲೇ ಇದೆ."